ಒಂದಿಂಚು ಹೂಮಳೆಯ ಲೆಕ್ಕ

ಕೊಡಗಿನ ಕಾಫಿ ಬೆಳೆಗಾರರು ಮಳೆಯನ್ನು ಇಂಚಿನಲ್ಲೇ ಅಳೆಯುತ್ತಾರೆ. ಫೆಬ್ರವರಿ–ಮಾರ್ಚಿನಲ್ಲಿ ಒಂದಿಂಚು ಹೂಮಳೆ ಬಿದ್ದರೆ ಕಾಫಿ ಮೊಗ್ಗು ಅರಳುತ್ತದೆ. ಬೀಳದಿದ್ದರೆ ಕೆರೆಯಿಂದ ಪಂಪ್ ಹಾಕಿ ಸ್ಪ್ರಿಂಕ್ಲರ್ ಹಾರಿಸಬೇಕು. ಜಿಲ್ಲೆಗೆಲ್ಲ ಒಂದಿಂಚು ಬಿದ್ದರೆ ಎಷ್ಟು ನೀರು? ಮಕ್ಕಳೇ, ಲೆಕ್ಕ ಹಾಕೋಣ.

ಕೊಡಗಿನ ವಿಸ್ತೀರ್ಣ ಸುಮಾರು 4.1×10⁹ ಚದರ ಮೀಟರ್. ಒಂದಿಂಚು ಎಂದರೆ 2.54×10⁻² ಮೀಟರ್. ಮುಂದಿನ ಸಂಖ್ಯೆಗಳನ್ನು ಗುಣಿಸಿ, ಘಾತಾಂಕಗಳನ್ನು ಕೂಡಿಸಿ: 10.4×10⁷ ಘನ ಮೀಟರ್. ಬಿಂದುವಿನ ಎಡಕ್ಕೆ ಒಂದೇ ಅಂಕಿ ಇರಬೇಕು; ಆದ್ದರಿಂದ 1.04×10⁸. ಒಂದು ಘನ ಮೀಟರಿಗೆ 10³ ಲೀಟರ್, ಒಟ್ಟು 1.04×10¹¹ ಲೀಟರ್.

2011ರ ಜನಗಣತಿಯಂತೆ ಜನ ಸುಮಾರು 5.5×10⁵. ಭಾಗಿಸುವಾಗ ಘಾತಾಂಕಗಳನ್ನು ಕಳೆಯಿರಿ: 0.19×10⁶, ಅಂದರೆ 1.9×10⁵. ತಲೆಗೆ 1.9 ಲಕ್ಷ ಲೀಟರ್! ಇಷ್ಟು ನೀರನ್ನು ಯಾವ ಪಂಪು ಎತ್ತೀತು? ಮಾರ್ಚಿನಲ್ಲಿ ಅಜ್ಜ ಮೋಡ ನೋಡುತ್ತಾ ಕೂರುವುದು ಸುಮ್ಮನಲ್ಲ.