ನೆಬ್ರಾಸ್ಕದ ಶಿಕ್ಷಕ, ನಮ್ಮೂರಿನ ಅರ್ಜಿ

ಕಳೆದ ಬೇಸಿಗೆಯ ಒಂದು ಸಂಜೆ ಕೌತಾಳಂ ಕಡೆಯ ಹಳ್ಳಿಯೊಂದರಿಂದ ಮೂವರು ಪಾಲಕರು ಆದೋನಿಯಲ್ಲಿರುವ ನನ್ನ ಕಚೇರಿಗೆ ಬಂದರು. ಅವರೂರಿನ ಶಾಲೆಯಲ್ಲಿ ಕನ್ನಡ ಮಾಧ್ಯಮದ ತರಗತಿಗಳನ್ನು ನಡೆಸುತ್ತಿದ್ದ ಒಬ್ಬರೇ ಶಿಕ್ಷಕರು ನಿವೃತ್ತರಾಗಿದ್ದರು. ಆ ಸ್ಥಾನಕ್ಕೆ ಬೇರೆಯವರು ಬಂದಿರಲಿಲ್ಲ. ಮಕ್ಕಳನ್ನು ತೆಲುಗು ವಿಭಾಗಕ್ಕೆ ಸೇರಿಸಿಬಿಡಿ ಎಂದು ಬಾಯಿಮಾತಿನಲ್ಲಿ ಹೇಳಲಾಗಿತ್ತು. ಎಲ್ಲವನ್ನೂ ವಿವರಿಸಿದ ಮೇಲೆ ಅವರಲ್ಲಿ ಹಿರಿಯರಾದವರು ಒಂದು ಪ್ರಶ್ನೆ ಕೇಳಿದರು: "ನಮ್ಮ ತಮ್ಮನ ಮಗ ಅಮೆರಿಕಾದಾಗ ಅದಾನ ಸಾರ್. ಅಲ್ಲಿ ಏನಿದ್ರೂ ಹಕ್ಕು ಅಂತ ಕೇಳ್ತಾರಂತ. ನಮಗೂ ಅಂಥಾದ್ದು ಏನಾರ ಐತೇನು?"

ಪ್ರಶ್ನೆ ಸರಳವಾಗಿತ್ತು. ಆದರೆ ಅದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಎರಡು ದೇಶಗಳ ಸಂವಿಧಾನವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಜರ್ಮನ್ ಭಾಷೆಯ ಮೇಲೆ ದ್ವೇಷ ಹಬ್ಬಿತ್ತು. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಶಾಲೆಯಲ್ಲಿಯೂ ಮಕ್ಕಳಿಗೆ ಇಂಗ್ಲಿಷೇತರ ಆಧುನಿಕ ಭಾಷೆಯನ್ನು ಕಲಿಸಕೂಡದೆಂದು ನೆಬ್ರಾಸ್ಕ ರಾಜ್ಯವು 1919ರಲ್ಲಿ ಕಾನೂನು ಮಾಡಿತು. ಅಲ್ಲಿನ ಹ್ಯಾಂಪ್ಟನ್ ಎಂಬ ಪುಟ್ಟ ಊರಿನಲ್ಲಿ ರಾಬರ್ಟ್ ಮೇಯರ್ ಎಂಬ ಶಿಕ್ಷಕರು ಚರ್ಚಿನ ಶಾಲೆಯೊಂದರಲ್ಲಿ ಹತ್ತು ವರ್ಷದ ಬಾಲಕನಿಗೆ ಬೈಬಲ್ಲಿನ ಕಥೆಗಳನ್ನು ಜರ್ಮನ್ ಭಾಷೆಯಲ್ಲಿ ಓದಿಸುತ್ತಿದ್ದರು. ಅದಕ್ಕಾಗಿ ಅವರಿಗೆ 25 ಡಾಲರ್ ದಂಡ ಬಿತ್ತು. ರಾಜ್ಯದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಮೇಯರ್ ಅಲ್ಲಿಗೆ ನಿಲ್ಲಲಿಲ್ಲ. 1923ರ ಜೂನ್ 4ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾನೂನನ್ನು ಅಸಿಂಧುವೆಂದು ಘೋಷಿಸಿತು. ಅಲ್ಲಿನ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯು ರಕ್ಷಿಸುವ ಸ್ವಾತಂತ್ರ್ಯದಲ್ಲಿ ಶಿಕ್ಷಕನು ಕಲಿಸುವ ಹಕ್ಕೂ, ತಂದೆತಾಯಿಗಳು ಮಕ್ಕಳಿಗೆ ಏನನ್ನು ಕಲಿಸಬೇಕೆಂದು ನಿರ್ಧರಿಸುವ ಹಕ್ಕೂ ಸೇರಿವೆಯೆಂಬುದು ಆ ತೀರ್ಪಿನ ಸಾರ. ಇಂಗ್ಲಿಷ್ ಮಾತನಾಡುವವರಿಗೆ ಇರುವ ರಕ್ಷಣೆಯೇ ಬೇರೆ ಭಾಷೆಯವರಿಗೂ ಇದೆಯೆಂದು ನ್ಯಾಯಾಲಯ ಸ್ಪಷ್ಟಪಡಿಸಿತು.

ಇದನ್ನು ಓದಿ ಅಮೆರಿಕವೇ ಸ್ವರ್ಗವೆಂದು ಭಾವಿಸಬೇಕಾಗಿಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ ಅದೇ ನ್ಯಾಯಾಲಯವು, ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂದ್ ಎಂಬ ಭಾರತೀಯರು ಬಿಳಿಯರಲ್ಲವಾದುದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತ್ತು. ನ್ಯಾಯಾಲಯಗಳು ಒಮ್ಮೆ ಕೈಹಿಡಿಯುತ್ತವೆ, ಇನ್ನೊಮ್ಮೆ ಕೈಬಿಡುತ್ತವೆ.

ಮೇಯರ್ ಪ್ರಕರಣದಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದುದು ಬೇರೆ. ಜರ್ಮನ್ ಕಲಿಸುವುದನ್ನು ಸರ್ಕಾರ ತಡೆಯಕೂಡದು ಎಂದಷ್ಟೇ ಆ ತೀರ್ಪು ಹೇಳಿತು. ಜರ್ಮನ್ ಶಿಕ್ಷಕರನ್ನು ಸರ್ಕಾರವೇ ನೇಮಿಸಬೇಕೆಂದು ಹೇಳಲಿಲ್ಲ. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಕ್ಕಳ ಪ್ರಕರಣದಲ್ಲಿ, ಭಾಷೆ ತಿಳಿಯದ ಮಗುವಿಗೆ ಇತರರಿಗೆ ಕೊಟ್ಟ ಪುಸ್ತಕವನ್ನೇ ಕೊಟ್ಟ ಮಾತ್ರಕ್ಕೆ ಸಮಾನತೆ ಬಾರದೆಂದು ನ್ಯಾಯಾಲಯ ಒಪ್ಪಿತು. ಆಗಲೂ ಆಧಾರವಾದುದು 1964ರ ನಾಗರಿಕ ಹಕ್ಕುಗಳ ಕಾಯಿದೆಯೇ ಹೊರತು ಸಂವಿಧಾನವಲ್ಲ. ಮಾತೃಭಾಷೆಯಲ್ಲಿಯೇ ಕಲಿಸಬೇಕೆಂಬ ಆದೇಶವೂ ಬರಲಿಲ್ಲ. ಅಲ್ಲಿನ ಸಂವಿಧಾನ ಸರ್ಕಾರದ ಎದುರು ಕಟ್ಟಿದ ಒಂದು ಗೋಡೆಯಂತಿದೆ. ಈ ಗೆರೆ ದಾಟಬೇಡ ಎನ್ನುತ್ತದೆ, ಇದನ್ನು ಮಾಡಿಕೊಡು ಎನ್ನುವುದು ವಿರಳ.

ನಮ್ಮ ಸಂವಿಧಾನ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. ಹಾಗೆ ಹೋಗಲು ಕಾರಣವಾದವರು ನಮ್ಮಂಥ ಗಡಿನಾಡಿನವರೇ. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವೆಂಬುದನ್ನು ನಮ್ಮ ಹಿರಿಯರು ಮರೆತಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಈ ಮೂರು ತಾಲೂಕುಗಳು ಆಂಧ್ರಕ್ಕೂ ಜಿಲ್ಲೆಯ ಉಳಿದ ಭಾಗ ಮೈಸೂರಿಗೂ ಸೇರಿದವು. ಆದೋನಿ ಮತ್ತು ಆಲೂರು ಕರ್ನೂಲು ಜಿಲ್ಲೆಯ ಪಾಲಾದವು. ಜನ ಊರು ಬಿಟ್ಟು ಹೋಗಲಿಲ್ಲ, ಗಡಿಯೇ ಜನರನ್ನು ದಾಟಿ ಹೋಯಿತು. ಬಳ್ಳಾರಿಯ ತೆಲುಗರಿಗೂ ಆದದ್ದು ಇದೇ. ಗೆರೆಯನ್ನು ಎಲ್ಲಿ ಎಳೆದರೂ ಎರಡೂ ಕಡೆ ಅಲ್ಪಸಂಖ್ಯಾತರು ಉಳಿದೇ ಉಳಿಯುತ್ತಾರೆಂಬುದನ್ನು ಕಂಡ ರಾಜ್ಯ ಪುನರ್ವಿಂಗಡಣಾ ಆಯೋಗವು ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆ ಬೇಕೆಂದು ಶಿಫಾರಸು ಮಾಡಿತು. ಅದರ ಫಲವಾಗಿ 1956ರ ಏಳನೆಯ ತಿದ್ದುಪಡಿಯ ಮೂಲಕ 350ಎ ಮತ್ತು 350ಬಿ ವಿಧಿಗಳು ಸಂವಿಧಾನವನ್ನು ಸೇರಿದವು.

ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಪಡೆಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರವೂ ಪ್ರಯತ್ನಿಸತಕ್ಕದ್ದೆಂದು 350ಎ ವಿಧಿ ವಿಧಿಸುತ್ತದೆ. ಈ ರಕ್ಷಣೆಗಳು ಜಾರಿಯಾಗುತ್ತಿವೆಯೇ ಎಂದು ಪರಿಶೀಲಿಸಿ ರಾಷ್ಟ್ರಪತಿಗಳಿಗೆ ವರದಿ ಮಾಡುವ ವಿಶೇಷಾಧಿಕಾರಿಯ ನೇಮಕವನ್ನು 350ಬಿ ಕಲ್ಪಿಸುತ್ತದೆ. ಆ ಆಯುಕ್ತರ ಕಚೇರಿ 1957ರಲ್ಲಿ ಆರಂಭವಾಯಿತು. ಇವಲ್ಲದೆ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಹಕ್ಕು 29ನೆಯ ವಿಧಿಯಲ್ಲಿಯೂ, ಸ್ವಂತ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು 30ನೆಯ ವಿಧಿಯಲ್ಲಿಯೂ ಇವೆ. ಭಾಷಾ ಅಲ್ಪಸಂಖ್ಯಾತರು ಯಾರೆಂದು ನಿರ್ಣಯಿಸಲು ರಾಜ್ಯವೇ ಘಟಕವೆಂದು 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆದುದರಿಂದ ಹಳ್ಳಿಯೊಂದರಲ್ಲಿ ಎಲ್ಲರೂ ಕನ್ನಡಿಗರೇ ಆಗಿದ್ದರೂ ಆಂಧ್ರಪ್ರದೇಶದ ದೃಷ್ಟಿಯಲ್ಲಿ ಅವರು ಅಲ್ಪಸಂಖ್ಯಾತರೇ.

ಹೀಗಿರುವಾಗ ತೊಡಕೆಲ್ಲಿದೆ? 350ಎ ವಿಧಿ ಮೂಲಭೂತ ಹಕ್ಕುಗಳ ಭಾಗದಲ್ಲಿಲ್ಲ. ಅದರ ಭಾಷೆಯೂ 'ಪ್ರಯತ್ನಿಸತಕ್ಕದ್ದು' ಎಂದಿದೆ. 29 ಅಥವಾ 30ನೆಯ ವಿಧಿಯ ಉಲ್ಲಂಘನೆಯಾದರೆ 32ನೆಯ ವಿಧಿಯನ್ವಯ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು. 350ಎಗೆ ಆ ಬಲವಿಲ್ಲ. 226ನೆಯ ವಿಧಿಯಡಿ ಹೈಕೋರ್ಟಿನ ಬಾಗಿಲು ತಟ್ಟಬಹುದಾದರೂ ಅಲ್ಲಿ ಕೇಳುವ ಮೊದಲ ಪ್ರಶ್ನೆಯೇ "ನೀವು ಲಿಖಿತವಾಗಿ ಕೇಳಿದ್ದೀರಾ? ಯಾವಾಗ ನಿರಾಕರಿಸಿದರು?" ಎಂಬುದು. ಬಾಯಿಮಾತಿನ ಕೋರಿಕೆಗೂ ಬಾಯಿಮಾತಿನ ನಿರಾಕರಣೆಗೂ ಕಡತದಲ್ಲಿ ಸ್ಥಾನವಿಲ್ಲ.

ಕೇಳುವ ಕ್ರಮವನ್ನೂ ಹಿಂದಿನವರು ಹಾಕಿಕೊಟ್ಟಿದ್ದಾರೆ. 1949ರ ಆಗಸ್ಟಿನಲ್ಲಿ ಸೇರಿದ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಕನಿಷ್ಠ ಒಬ್ಬ ಶಿಕ್ಷಕರನ್ನು ನೇಮಿಸಬೇಕೆಂದು ಒಪ್ಪಿಕೊಂಡಿತು. ಶಾಲಾ ವರ್ಷಾರಂಭಕ್ಕೆ ಮೂರು ತಿಂಗಳು ಮುಂಚೆಯೇ ಪಾಲಕರ ಭಾಷಾ ಆಯ್ಕೆಯನ್ನು ನೋಂದಾಯಿಸುವ ಪುಸ್ತಕವಿಡಬೇಕೆಂಬುದೂ ಒಪ್ಪಿತವಾದ ರಕ್ಷಣೆಗಳಲ್ಲೊಂದು. ಮಗುವಿನ ಮಾತೃಭಾಷೆಯಲ್ಲಿ, ಸಾಧ್ಯವಾದಮಟ್ಟಿಗೆ, ಬೋಧನೆ ನಡೆಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಪ್ರಕರಣವೂ ಹೇಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಪ್ರತಿಯೊಬ್ಬರಿಗೂ ಹಕ್ಕಿದೆಯೆಂದು 350ನೆಯ ವಿಧಿ ಸಾರುತ್ತದೆ. ಕನ್ನಡ ಶಾಲೆಗಾಗಿ ಕನ್ನಡದಲ್ಲಿಯೇ ಅರ್ಜಿ ಕೊಡಬಹುದು.

ಇಲ್ಲಿ ನಮ್ಮ ತಪ್ಪನ್ನೂ ನಾವು ಒಪ್ಪಿಕೊಳ್ಳಬೇಕು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಪಾಲಕರದು ಎಂದು 2014ರಲ್ಲಿ ಕರ್ನಾಟಕದ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಎಲ್ಲ ಸರ್ಕಾರಿ ಶಾಲೆಗಳನ್ನೂ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಹೊರಟ ಆದೇಶಗಳನ್ನು ಆಂಧ್ರಪ್ರದೇಶ ಹೈಕೋರ್ಟ್ 2020ರಲ್ಲಿ ರದ್ದುಗೊಳಿಸಿದಾಗಲೂ ಮಾಧ್ಯಮದ ಆಯ್ಕೆಯೇ ಚರ್ಚೆಯ ಕೇಂದ್ರದಲ್ಲಿತ್ತು. ಆಯ್ಕೆ ನಮ್ಮದಾದ ಮೇಲೆ ಹೊಣೆಯೂ ನಮ್ಮದೇ. ವೇದಿಕೆಯ ಮೇಲೆ ಕನ್ನಡದ ಬಗ್ಗೆ ಭಾಷಣ ಮಾಡಿ ಮಗುವನ್ನು ಬೇರೆ ಮಾಧ್ಯಮಕ್ಕೆ ಕಳುಹಿಸಿದರೆ ಹತ್ತರ ಲೆಕ್ಕ ಒಂಬತ್ತಕ್ಕಿಳಿಯುತ್ತದೆ. ನಾನೂ ಇದಕ್ಕೆ ಹೊರತಲ್ಲ. ನನ್ನ ಮಗ ಓದುತ್ತಿರುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಆ ಮೂವರ ಎದುರು ಕುಳಿತಾಗ ಇದು ನನ್ನ ಮನಸ್ಸನ್ನು ಚುಚ್ಚದೆ ಇರಲಿಲ್ಲ.

ಅಂದು ಅವರಿಗೆ ನಾನು ಹೇಳಿದ್ದು ಇಷ್ಟೇ: "ಅಮೆರಿಕದವರಿಗೆ ಇಲ್ಲದ ಒಂದು ಮಾತು ನಮ್ಮ ಸಂವಿಧಾನದಲ್ಲಿದೆ ಯಜಮಾನರೇ. ಆದರೆ ಆ ಮೇಯರ್ ಮಾಡಿದ ಹಾಗೆ ಅದನ್ನು ಪಟ್ಟು ಹಿಡಿದು ಕೇಳಬೇಕು." ಹಳ್ಳಿಗೆ ಹಿಂತಿರುಗಿ ಅವರು ಮನೆಮನೆಗೆ ಹೋದರು. ಮೂರನೆಯ ತರಗತಿಯಲ್ಲಿ ಹನ್ನೊಂದು ಮಕ್ಕಳ ಹೆಸರು ಸಿಕ್ಕಿತು. ಅರ್ಜಿಯನ್ನು ಕನ್ನಡದಲ್ಲಿ ಬರೆದು ಎರಡು ಪ್ರತಿ ಮಾಡಿದೆವು. ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆವು. ಉತ್ತರ ಇನ್ನೂ ಬಂದಿಲ್ಲ. ಬಾರದಿದ್ದರೆ ಆ ಮುದ್ರೆಯೊತ್ತಿದ ಪ್ರತಿಯೇ ಹೈಕೋರ್ಟಿನಲ್ಲಿ ನಮ್ಮ ಮೊದಲ ದಾಖಲೆಯಾಗುತ್ತದೆ.

ಅರ್ಜಿಗೆ ಸಹಿ ಹಾಕುವಾಗ ಆ ಹಿರಿಯರು ತುಸು ಸಂಕೋಚಪಟ್ಟರು. ಮನೆಯಲ್ಲಿ ಕನ್ನಡವನ್ನೇ ಆಡುವ ಅವರು ಶಾಲೆಯಲ್ಲಿ ಓದಿದ್ದು ತೆಲುಗು. ಹಾಗಾಗಿ ತೆಲುಗಿನಲ್ಲಿಯೇ ರುಜು ಹಾಕಿ, "ಮೊಮ್ಮಗಳಾದ್ರೂ ಕನ್ನಡದಾಗ ಬರೀಲಿ ಸಾರ್" ಎಂದರು.