ಕರಿಮರಿಗೊಂದು ಹಳೇ ಹೆಸರು

“ಹೆಣ್ಣಾ? ಹಂಗಾದ್ರೆ ಬ್ಯಾಡ ಬಿಡವ್ವ.”

ಕಳೆದ ಸೆಮಿಸ್ಟರ್ ರಜೆಯಲ್ಲಿ ಈ ಮಾತನ್ನು ಎಷ್ಟು ಜನರ ಬಾಯಿಂದ ಕೇಳಿದೆನೋ ಲೆಕ್ಕ ಇಟ್ಟಿಲ್ಲ. ನಮ್ಮದು ಚಳ್ಳಕೆರೆ ಕಡೆಯ ಒಂದು ಹಳ್ಳಿ. ನಾನು ದಾವಣಗೆರೆಯಲ್ಲಿ ಬಿ.ಇ. ಓದುತ್ತಿದ್ದೇನೆ. ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಮನೆ ಹಿಂದಿನ ತಿಪ್ಪೆಯ ಮಗ್ಗುಲಲ್ಲಿ, ಶೇಂಗಾ ಬಳ್ಳಿಯ ಬಣವೆಯ ಬುಡದಲ್ಲಿ ಮೂರು ನಾಯಿಮರಿಗಳು ಮುದುಡಿಕೊಂಡು ಮಲಗಿದ್ದವು. ರಸ್ತೆ ದಾಟುವಾಗ ತಾಯಿ ಲಾರಿಗೆ ಸಿಕ್ಕಿ ಎರಡು ದಿನವಾಗಿತ್ತಂತೆ. ಎರಡು ಗಂಡು, ಒಂದು ಹೆಣ್ಣು. ಕುರಿ ಕಾಯುವ ಮಾವ ಒಂದು ಗಂಡುಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದರು. ಇನ್ನೊಂದನ್ನು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವರು ಒಯ್ದರು. ಉಳಿದದ್ದು ಎದೆಯ ಮೇಲೆ ಬಿಳಿ ಮಚ್ಚೆ ಇದ್ದ ಕರಿಮರಿ. ನೋಡಲು ಬಂದವರೆಲ್ಲ ಅದನ್ನು ಎತ್ತಿ, ಹೊಟ್ಟೆ ಮೇಲೆ ಮಾಡಿ ನೋಡಿ, ಹಾಗೇ ಕೆಳಗಿಟ್ಟು ಹೋಗುತ್ತಿದ್ದರು.

ಅಪ್ಪನ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. “ವರ್ಷಕ್ಕೆ ಎರಡು ಸಲ ಬೆದೆಗೆ ಬರ್ತೈತೆ. ಊರಿನ ನಾಯೆಲ್ಲ ಬಾಗಿಲಿಗೆ ಬರ್ತವೆ. ಎರಡೇ ತಿಂಗಳಿಗೆ ಆರು ಮರಿ. ಅವನ್ನ ಯಾರು ಸಾಕೋರು? ನೀನು ಕಾಲೇಜಿಗೆ ಹೋಗ್ತೀಯ, ಇಲ್ಲಿ ನಿಮ್ಮಮ್ಮ ಒದ್ದಾಡಬೇಕು. ರಜೆ ಮುಗಿಯೋದ್ರೊಳಗೆ ಯಾರಿಗಾದ್ರೂ ಕೊಡು. ಇಲ್ಲಾಂದ್ರೆ ಸಂತೆ ದಿನ ಪ್ಯಾಟೆಗೆ ಬಿಟ್ಟು ಬರ್ತೀನಿ.” ಗೋಣಿಚೀಲದಲ್ಲಿ ಕಟ್ಟಿ ಹೆಣ್ಣುಮರಿಗಳನ್ನು ಊರಾಚೆ ಬಿಟ್ಟು ಬರುವುದು ನಮ್ಮ ಕಡೆ ಹೊಸದೇನಲ್ಲ.

ದಾರಿ ತೋರಿಸಿದ್ದು ಅಜ್ಜಿ. “ಮೊದ್ಲು ಒಂದು ಹೆಸರಿಡು. ಹೆಸರಿಟ್ಟು ಕರೆದಿದ್ದನ್ನ ಬಿಟ್ಟು ಬರಾಕೆ ಕಾಲು ಬರಲ್ಲ ಕಣೇ. ನಿಮ್ಮಪ್ಪ ನನ್ನ ಮಗ, ನಂಗೊತ್ತು.”

ಸರಿ, ಹೆಸರು ಹುಡುಕಲು ಕೂತೆ. ತಮ್ಮ ಒಂದೇ ಉಸಿರಿಗೆ “ಜೂಲಿ, ಪಿಂಕಿ, ರೋಸಿ” ಎಂದ. ಅಕ್ಕ ಫೋನಿನಲ್ಲಿ “ಚಾರ್ಲಿ ಅಂತಿಡೇ” ಎಂದಳು. 2022ರಲ್ಲಿ ‘777 ಚಾರ್ಲಿ’ ಬಂದಮೇಲೆ ನಮ್ಮ ಹಾಸ್ಟೆಲ್ ಬೀದಿಯಲ್ಲೇ ನಾಲ್ಕು ಚಾರ್ಲಿಗಳಿವೆ. ಆ ಸಿನಿಮಾದ ಚಾರ್ಲಿಯೂ ಹೆಣ್ಣೇ ಎನ್ನುವುದು ನನಗೆ ಖುಷಿಯ ವಿಷಯ. ಆದರೆ ನನಗೆ ಬೇಕಿದ್ದದ್ದು ನಮ್ಮದೇ ಒಂದು ಹಳೇ ಹೆಸರು. ಹಸು ಮನೆಗೆ ಬಂದರೆ ಗೌರಿ, ಗಂಗೆ, ತುಂಗೆ, ಲಕ್ಷ್ಮಿ. ನಾಯಿ ಬಂದರೆ ಮಾತ್ರ ಟಾಮಿ, ಜಿಮ್ಮಿ, ರೋಸಿ. ಅದೇಕೆ? ಅಮ್ಮನನ್ನು ಕೇಳಿದೆ. “ಮನುಷ್ಯರ ಹೆಸರಿಟ್ಟರೆ ಓಣಿಯಲ್ಲಿ ಜಗಳ ಆಗುತ್ತೆ, ದೇವರ ಹೆಸರಿಟ್ಟರೆ ಪಾಪ ಬರುತ್ತೆ. ಇಂಗ್ಲಿಷ್ ಹೆಸರಾದರೆ ಯಾರೂ ಕೇಳಲ್ಲ” ಎಂದರು. ಯೋಚಿಸಿದರೆ ನಿಜ. ರೋಸಿ ಎಂದು ಬೈದರೆ ನಮ್ಮ ಓಣಿಯಲ್ಲಿ ತಿರುಗಿ ನೋಡುವವರು ಯಾರೂ ಇಲ್ಲ.

ನನ್ನ ಮೊದಲ ಆಯ್ಕೆ ‘ಸರಮೆ’. ಋಗ್ವೇದದ ದೇವಶುನಿ ಅವಳು, ಅಂದರೆ ದೇವತೆಗಳ ಹೆಣ್ಣುನಾಯಿ. ಪಣಿಗಳು ಕದ್ದು ಬಚ್ಚಿಟ್ಟ ಹಸುಗಳನ್ನು ಹುಡುಕಿಕೊಂಡು ಇಂದ್ರನ ದೂತಿಯಾಗಿ ರಸಾ ನದಿಯನ್ನು ದಾಟಿ ಹೋಗುತ್ತಾಳೆ. ಹತ್ತನೇ ಮಂಡಲದಲ್ಲಿ ಅವಳಿಗೂ ಪಣಿಗಳಿಗೂ ನಡೆದ ಸಂಭಾಷಣೆಯೇ ಒಂದು ಸೂಕ್ತವಾಗಿದೆ. ‘ನಮ್ಮ ತಂಗಿಯಾಗಿ ಇಲ್ಲೇ ಇರು, ಹಸುಗಳಲ್ಲಿ ಪಾಲು ಕೊಡುತ್ತೇವೆ’ ಎಂದು ಅವರು ಆಸೆ ತೋರಿಸಿದರೂ ಅವಳು ಒಪ್ಪುವುದಿಲ್ಲ. ಮಹಾಭಾರತದ ಆದಿಪರ್ವದಲ್ಲೂ ಸರಮೆ ಬರುತ್ತಾಳೆ. ಜನಮೇಜಯನ ಯಾಗದ ಜಾಗಕ್ಕೆ ಬಂದ ಅವಳ ಮರಿಯನ್ನು ರಾಜನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಅವಳು ನೇರವಾಗಿ ಹೋಗಿ ‘ನನ್ನ ಮಗ ಹವಿಸ್ಸನ್ನು ನೆಕ್ಕಲಿಲ್ಲ, ಅತ್ತ ನೋಡಲೂ ಇಲ್ಲ, ಯಾಕೆ ಹೊಡೆದಿರಿ?’ ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಡದಿದ್ದಾಗ ಶಾಪ ಕೊಡುತ್ತಾಳೆ. ಅರಮನೆಯವರನ್ನೇ ಪ್ರಶ್ನಿಸಿದ ಅಮ್ಮ! ಇದಕ್ಕಿಂತ ಒಳ್ಳೆಯ ಹೆಸರು ಸಿಕ್ಕೀತೆ ಎಂದು ಹಿಗ್ಗಿದೆ.

ಹಿಗ್ಗು ಉಳಿದದ್ದು ಸಂಜೆಯವರೆಗೆ. ಅಜ್ಜಿಯ ಬಾಯಲ್ಲಿ ಸರಮೆ ‘ಸರಮ್ಮ’ ಆಯಿತು. ತಮ್ಮನ ಬಾಯಲ್ಲಿ ‘ಶಾರಮ್ಮ’ ಆಯಿತು. ಎದುರು ಮನೆಯ ದೊಡ್ಡಮ್ಮನ ಹೆಸರು ಶಾರಮ್ಮ. ಅವರು ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಇವನು “ಶಾರಮ್ಮಾ, ಉಚ್ಚೆ ಹೊಯ್ಬೇಡ, ಹೊರಗೆ ಬಾ” ಎಂದು ಕೂಗಿಬಿಟ್ಟ. ದೊಡ್ಡಮ್ಮ ಎರಡು ದಿನ ನಮ್ಮ ಮನೆಗೆ ಮೊಸರು ಕೊಡಲಿಲ್ಲ.

ಎರಡನೆಯದು ‘ಲೈಕಾ’. ರಷ್ಯನ್ ಭಾಷೆಯಲ್ಲಿ ಬೊಗಳುವವಳು ಎಂದರ್ಥ. ಮಾಸ್ಕೋದ ಬೀದಿಯಲ್ಲಿ ಸಿಕ್ಕ ಹೆಣ್ಣುನಾಯಿ. 1957ರ ನವೆಂಬರ್ 3ರಂದು ಸ್ಪುಟ್ನಿಕ್-2ರಲ್ಲಿ ಕೂತು ಭೂಮಿಯನ್ನು ಸುತ್ತಿದ ಮೊದಲ ಜೀವಿ. ಬಾಹ್ಯಾಕಾಶಕ್ಕೆ ಕಳಿಸಲು ಸೋವಿಯತ್ ವಿಜ್ಞಾನಿಗಳು ಹೆಣ್ಣುನಾಯಿಗಳನ್ನೇ ಆರಿಸಿಕೊಳ್ಳುತ್ತಿದ್ದರು. ಕಾರಣ ತೀರಾ ಇಂಜಿನಿಯರಿಂಗಿನದು. ಮೂತ್ರ ಮಾಡುವಾಗ ಅವು ಗಂಡಿನಂತೆ ಕಾಲೆತ್ತುವುದಿಲ್ಲ, ಆದ್ದರಿಂದ ಇಕ್ಕಟ್ಟಾದ ಕ್ಯಾಬಿನ್ನಿಗೂ ಕೊಳೆ ಸಂಗ್ರಹಿಸುವ ಸಾಧನಕ್ಕೂ ಅವೇ ಸರಿ. ಊರಿನಲ್ಲಿ ಯಾರಿಗೂ ಬೇಡವಾದದ್ದು ರಾಕೆಟ್‌ಗೆ ಬೇಕಾಗಿತ್ತು!

ಅಜ್ಜಿ ಕಣ್ಣರಳಿಸಿ ಕೇಳಿದರು. ಆಮೇಲೆ “ವಾಪಸ್ ಬಂತಾ?” ಎಂದರು. ಇಲ್ಲ. ವಾಪಸ್ ಕರೆತರುವ ವ್ಯವಸ್ಥೆಯೇ ಆ ನೌಕೆಯಲ್ಲಿರಲಿಲ್ಲ. ಹಾರಿದ ಕೆಲವೇ ಗಂಟೆಗಳಲ್ಲಿ ಲೈಕಾ ಶಾಖ ತಾಳಲಾರದೆ ಸತ್ತಿತ್ತು. ಆ ಸತ್ಯ ಲೋಕಕ್ಕೆ ತಿಳಿದದ್ದು 2002ರಲ್ಲಿ. “ಬಿಟ್ಟು ಬಂದ ನಾಯಿ ಹೆಸರು ಬ್ಯಾಡ” ಎಂದು ಅಜ್ಜಿ ತೀರ್ಪು ಕೊಟ್ಟರು. 1960ರಲ್ಲಿ ಹೋಗಿ ಜೀವಂತ ಮರಳಿದ ಬೆಲ್ಕಾ, ಸ್ಟ್ರೆಲ್ಕಾ ಎಂಬ ಜೋಡಿಯೂ ಇದೆ ಎಂದೆ. ಮುಂದೆ ಸ್ಟ್ರೆಲ್ಕಾ ಹಾಕಿದ ಆರು ಮರಿಗಳಲ್ಲಿ ಒಂದು ಅಮೆರಿಕದ ಅಧ್ಯಕ್ಷ ಕೆನಡಿಯವರ ಮನೆಗೆ ಉಡುಗೊರೆಯಾಗಿ ಹೋಯಿತು ಎಂದು ಅಪ್ಪನಿಗೆ ಕೇಳಿಸಲೆಂದೇ ಜೋರಾಗಿ ಹೇಳಿದೆ. “ಹಂಗಾದ್ರೆ ಇದರ ಮರೀನೂ ಅಮೆರಿಕಕ್ಕೇ ಕಳಿಸು” ಎಂದು ಅಪ್ಪ ಪೇಪರಿನ ಹಿಂದಿನಿಂದಲೇ ಉತ್ತರಿಸಿದರು. ಅದೂ ಅಲ್ಲದೆ ಸ್ಟ್ರೆಲ್ಕಾ ಎನ್ನುವಷ್ಟರಲ್ಲಿ ಮರಿ ಮೂರು ಮನೆ ದಾಟಿರುತ್ತಿತ್ತು. ನಾಯಿ ಹೆಸರು ಎರಡಕ್ಷರದ್ದಾಗಿ, ಕೊನೆಗೆ ಸ್ವರ ಎಳೆಯುವಂತಿದ್ದರೆ ದೂರಕ್ಕೆ ಕೇಳುತ್ತದೆ, ಅದೂ ಬೇಗ ಕಲಿಯುತ್ತದೆ.

ಆ ರಾತ್ರಿ ಹಾಸ್ಟೆಲಿನ ರೂಮ್‌ಮೇಟ್ ಫೋನ್ ಮಾಡಿದ್ದಳು. ಅವಳದು ಮದ್ದೂರು ಕಡೆ. ನನ್ನ ಗೋಳು ಕೇಳಿ, “ನಮ್ಮ ತಾಲ್ಲೂಕಿನಲ್ಲಿ ನಾಯಿಗೇ ವೀರಗಲ್ಲು ನಿಲ್ಲಿಸಿದಾರೆ ಕಣೇ. ಆತಕೂರು ಶಾಸನ ಗೊತ್ತಿಲ್ವಾ?” ಎಂದಳು. ಪಿಯುಸಿಗೆ ಸೈನ್ಸ್ ತೆಗೆದುಕೊಂಡ ನನಗೆ ಗೊತ್ತಿರಲಿಲ್ಲ. ಹುಡುಕಿ ಓದಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ ಸೇರಿ ಚೋಳರನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಮಣಲೇರ ಎಂಬ ವೀರ ಚೆನ್ನಾಗಿ ಹೋರಾಡಿದ. ಮೆಚ್ಚಿದ ಒಡೆಯ ಏನು ಬೇಕೋ ಬೇಡಿಕೋ ಎಂದ. ಊರು, ಹೊನ್ನು, ಕುದುರೆ ಏನನ್ನಾದರೂ ಕೇಳಬಹುದಿತ್ತು. ಮಣಲೇರ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಮುಂದೆ ಬೆಳತೂರಿನ ಪಡುವಣ ಬೆಟ್ಟದಲ್ಲಿ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿತ್ತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಕ್ರಿ.ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಬೆಳಿಗ್ಗೆ ಮೊಬೈಲಿನಲ್ಲಿ ಆ ಕಲ್ಲಿನ ಫೋಟೊ ದೊಡ್ಡದು ಮಾಡಿ ಅಜ್ಜಿಗೆ ತೋರಿಸಿದೆ. ಕನ್ನಡಕ ಇಲ್ಲದೆಯೇ “ನಾಯಿ, ಹಂದಿ” ಎಂದು ಗುರುತಿಸಿದರು. ಅಮ್ಮ ಮಾತ್ರ “ದೇವಿ ಹೆಸರಲ್ವಾ, ನಾಯಿಗೆ ಹೆಂಗೆ ಕರೆಯೋದು?” ಎಂದು ಹಿಂಜರಿದರು.

ಆಗ ಅಜ್ಜಿ ಒಂದು ವಿಷಯ ಹೇಳಿದರು. ನಮ್ಮ ಕಡೆ ತಿಪ್ಪಮ್ಮ, ತಿಪ್ಪಕ್ಕ, ತಿಪ್ಪೇಸ್ವಾಮಿ ಎಂಬ ಹೆಸರುಗಳು ಓಣಿಗೊಂದು. ನಮ್ಮಜ್ಜಿಯದೂ ಅದೇ ಗುಂಪಿನ ಹೆಸರು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಹರಕೆಯ ಹೆಸರು ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. “ಅಲ್ಲ ಕಣೇ. ನನ್ನ ಮುಂಚೆ ಮೂರು ಕೂಸು ಸತ್ತಿದ್ವು. ನಾನು ಹುಟ್ಟಿದ ದಿನ ನನ್ನ ತಿಪ್ಪೆ ಮ್ಯಾಲೆ ಮಲಗಿಸಿ, ಬ್ಯಾರೆ ಮನೆಯಾಕಿ ಕೈಲಿ ಎತ್ತಿಸಿ, ಒಂದು ಮೊರ ಜ್ವಾಳ ಕೊಟ್ಟು ಕೊಂಡ್ಕಂಡ್ರಂತೆ. ನಮಗೆ ಬ್ಯಾಡಾದ ಕೂಸು ಅಂತ ಸಾವಿಗೆ ತೋರಿಸಾಕೆ. ಬದುಕಲಿ ಅಂತ ಬ್ಯಾಡಾದ ಹೆಸರಿಟ್ರು. ಇದನ್ನ ಎಲ್ಲರೂ ನಿಜವಾಗ್ಲೂ ಬ್ಯಾಡ ಅಂತಾರೆ. ಇದಕ್ಕೆ ಬೇಡಿ ಪಡೆದ ಹೆಸರೇ ಇರ್ಲಿ. ಅಮ್ಮನೋರು ಏನೂ ಅನ್ಕಳಲ್ಲ.”

ಅಮ್ಮ ಮತ್ತೆ ಮಾತಾಡಲಿಲ್ಲ. ರಾಗಿ ಗಂಜಿಗೆ ಹಾಲು ಬೆರೆಸಿ ತಟ್ಟೆಯನ್ನು ಹಿತ್ತಲಿಗೆ ಒಯ್ದರು.

ಅಪ್ಪನ ಜೊತೆ ನನ್ನದೇ ಒಪ್ಪಂದವಾಯಿತು. ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ, ಆರು ತಿಂಗಳ ಹೊತ್ತಿಗೆ ಮರಿಯಾಗದಂತೆ ಆಪರೇಷನ್. ಖರ್ಚು ನನ್ನದು. ವಾರಾಂತ್ಯಕ್ಕೆ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಸಿಗುವ ದುಡ್ಡು ಅದಕ್ಕೇ ಮೀಸಲು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮುಂದಿನ ಸಂತೆಗೆ ಹೋದರು, ಚೀಲದಲ್ಲಿ ಈರುಳ್ಳಿ ತಂದರು.

ಹೆಸರಿನಿಂದ ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಈಗಲೂ ಊರಿನ ತಿಪ್ಪೆಗಳ ಬಳಿ ಹೆಣ್ಣುಮರಿಗಳು ಉಳಿಯುತ್ತವೆ. ಪಶು ಆಸ್ಪತ್ರೆಯಲ್ಲಿ ಕೇಳಿದರೆ ಆಪರೇಷನ್ ದೊಡ್ಡ ವಿಷಯವಲ್ಲ ಎಂಬ ಮಾಹಿತಿ ಸಿಗುತ್ತದೆ. ಆದರೆ ಕೇಳಲು ಯಾರೂ ಹೋಗುವುದಿಲ್ಲ. ಗೋಣಿಚೀಲ ಹತ್ತಿರ, ಆಸ್ಪತ್ರೆ ದೂರ.

ಕಳೆದ ವಾರ ಕಾಲೇಜಿನಿಂದ ಮನೆಗೆ ವಿಡಿಯೊ ಕಾಲ್ ಮಾಡಿದ್ದೆ. ಅಜ್ಜಿ ಫೋನನ್ನು ಹಿತ್ತಲಿಗೆ ತಿರುಗಿಸಿದರು. ಹೊಲದಿಂದ ಬಂದ ಅಪ್ಪ ಚಪ್ಪಲಿ ಬಿಡುತ್ತಾ, ಸುತ್ತ ಯಾರೂ ಇಲ್ಲವೆಂದುಕೊಂಡು ಮೆಲ್ಲಗೆ ಕರೆಯುತ್ತಿದ್ದರು: “ಕಾಳಿ… ಏ ಕಾಳವ್ವ, ಊಟ ಆತೇನೇ?”