ತಾಲ್ಲೂಕಿಗೆ ಬಂದ ಅಳತೆಗೋಲು

ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು 1956ರಲ್ಲಿ ಒಂದಾಯಿತು. ಹಳೇ ಮೈಸೂರಿಗೆ ಕಾಲೇಜು, ಕಾರ್ಖಾನೆ, ಕಾಲುವೆ ಅದಾಗಲೇ ಬಂದಿದ್ದವು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರ್ಗಿ, ರಾಯಚೂರಿನ ಹಳ್ಳಿಗಳು ತೀರಾ ಹಿಂದುಳಿದಿದ್ದವು. ಈ ಅಂತರದ ಬಗ್ಗೆ ದಶಕಗಟ್ಟಲೆ ಭಾಷಣಗಳಾದವು, ಹೋರಾಟಗಳೂ ನಡೆದವು. ಆದರೆ ಯಾವ ತಾಲ್ಲೂಕು ಎಷ್ಟು ಹಿಂದೆ ಎಂದು ಕೇಳಿದರೆ ಎಲ್ಲರೂ ಒಪ್ಪುವ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಆ ಲೆಕ್ಕ ಒದಗಿಸಿದವರು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ. ಎಸ್.ಎಂ. ಕೃಷ್ಣ ಸರ್ಕಾರ 2000ದಲ್ಲಿ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿ ರಚಿಸಿತು. 2002ರಲ್ಲಿ ವರದಿ ಬಂತು. ಜಿಲ್ಲೆಯ ಸರಾಸರಿಯನ್ನು ಬಿಟ್ಟು ತಾಲ್ಲೂಕನ್ನೇ ಅಳೆಯಲು ಹೊರಟಿದ್ದು ಸಮಿತಿಯ ನಿಜವಾದ ಸಾಧನೆ. ನೀರಾವರಿ ತಾಲ್ಲೂಕಿನ ಸಿರಿ ಪಕ್ಕದ ಬರದ ತಾಲ್ಲೂಕಿನ ಬಡತನವನ್ನು ಜಿಲ್ಲಾ ಸರಾಸರಿಯಲ್ಲಿ ಮುಚ್ಚಿಹಾಕಿಬಿಡುತ್ತದೆ.

ಸಮಿತಿ 35 ಸೂಚಕಗಳನ್ನು ಹಿಡಿಯಿತು. ಹತ್ತು ಸಾವಿರ ಜನರಿಗೆ ಎಷ್ಟು ವೈದ್ಯರು? ಶಾಲೆಯಿಂದ ಹೊರಗುಳಿದ ಮಕ್ಕಳೆಷ್ಟು? ದಿನಕ್ಕೆ ತಲೆಗೆ 40 ಲೀಟರ್ ಕುಡಿಯುವ ನೀರು ಸಿಗುವ ಜನವಸತಿಗಳೆಷ್ಟು? ಎಲ್ಲ ಸೇರಿಸಿ ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡಾಗ, ಆಗಿದ್ದ 175 ತಾಲ್ಲೂಕುಗಳಲ್ಲಿ 114 ಅದಕ್ಕಿಂತ ಕೆಳಗೆ ಉಳಿದವು. ಕೃಷ್ಣೆಯ ದಂಡೆಯಲ್ಲೇ ಇರುವ ದೇವದುರ್ಗದ ಅಂಕ ಬರೀ 0.53.

ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರ್ಗಿ ವಿಭಾಗದವು. ಅದು ನಿರೀಕ್ಷಿತವೇ. ಆದರೆ ರಾಜಧಾನಿಯ ಮಗ್ಗುಲಲ್ಲೇ ಇರುವ ಮಾಗಡಿ, ಕನಕಪುರಗಳೂ ಆ ಪಟ್ಟಿಯಲ್ಲಿದ್ದವು. ಪಾವಗಡ, ಶಿರಾ, ಎಚ್.ಡಿ. ಕೋಟೆಯೂ ಇದ್ದವು. ಹಿಂದುಳಿದಿರುವಿಕೆ ಉತ್ತರ ಕರ್ನಾಟಕದ ಅಳಲು ಮಾತ್ರ ಎನ್ನುವ ಮಾತಿಗೆ ಆ ಪಟ್ಟಿಯೇ ಉತ್ತರವಾಯಿತು.

ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚದ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತ್ತು. ಅದು ಜಾರಿಗೆ ಬಂದಿದ್ದು 2007–08ರಲ್ಲಿ. ಮುಂದೆ ಹಿಂದಿನ ನಿಜಾಮರ ಪ್ರದೇಶವಾದ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನವೂ ಸಿಕ್ಕಿತು.

ಹಣ ಹರಿಯಿತು, ಅಳತೆ ಮಾತ್ರ ಹಳತಾಯಿತು. ಆಗ ಲಕ್ಷ ಜನರಿಗೆ ಎಷ್ಟು ದೂರವಾಣಿ ಎಂಬುದೂ ಒಂದು ಸೂಚಕ. ಇಂದು ಮೊಬೈಲ್ ಇಲ್ಲದ ಮನೆ ಹುಡುಕಬೇಕು. ತಾಲ್ಲೂಕುಗಳ ಸಂಖ್ಯೆಯೂ 230 ದಾಟಿದೆ. ಹೀಗಾಗಿ 2024ರಲ್ಲಿ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದರಾವ್ ನೇತೃತ್ವದಲ್ಲಿ ಹೊಸ ಸಮಿತಿ ನೇಮಕವಾದದ್ದು ಸರಿಯಾದ ಕ್ರಮ, ತಡವಾದ ಕ್ರಮವೂ ಹೌದು. ಯಾವ ಹೊಸ ಅಳತೆಯಲ್ಲೂ ಗುಳೆ ಹೋಗುವವರ ಲೆಕ್ಕ ಮೊದಲು ಬರಬೇಕೆಂದು ನಾನು ನಂಬುತ್ತೇನೆ. ಸುಗ್ಗಿ ಮುಗಿಯುತ್ತಲೇ ಊರಿಗೆ ಊರೇ ಬೆಂಗಳೂರಿನ ಬಸ್ಸು ಹತ್ತುತ್ತಿದ್ದರೆ, ಆ ಊರಿಗೆ ಕಾಂಕ್ರೀಟ್ ರಸ್ತೆ ಬಂದದ್ದನ್ನು ಪ್ರಗತಿ ಎಂದು ಬರೆದುಕೊಳ್ಳಲಾಗದು.

ನಿಮ್ಮ ತಾಲ್ಲೂಕಿನ ಅಂಕ 2002ರಲ್ಲಿ ಎಷ್ಟಿತ್ತು, ಈಗ ಎಷ್ಟಾಗಿದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.